ನಾಲ್ಕು ಮಗ್ಗದ ನಡುವಿನ ಇಂಗ್ಲಿಷು

ಮೂವತ್ತನಾಲ್ಕು ವರ್ಷ ನಾನು ಇಂಗ್ಲಿಷ್ ಕಲಿಸಿದೆ. ಬೀಳಗಿಯಲ್ಲಿ ಆರು ವರ್ಷ, ಮುಧೋಳದ ಹತ್ತಿರದ ಒಂದು ಹಳ್ಳಿಯಲ್ಲಿ ಎಂಟು, ಉಳಿದದ್ದೆಲ್ಲ ಬನಹಟ್ಟಿಯ ಕನ್ನಡ ಮಾಧ್ಯಮದ ಹೈಸ್ಕೂಲಿನಲ್ಲಿ. ಇಷ್ಟೂ ಕಾಲದಲ್ಲಿ ಇನ್ನೊಬ್ಬ ಮನುಷ್ಯನ ಜೊತೆ ಇಂಗ್ಲಿಷಿನಲ್ಲಿ ಐದು ನಿಮಿಷ ಮಾತಾಡಿದ ಪ್ರಸಂಗ ನನ್ನ ಬಾಳಿನಲ್ಲಿ ಒಂದೂ ಬಂದಿರಲಿಲ್ಲ. ಪಾಠ ಓದುವುದು, ಅರ್ಥ ಕನ್ನಡದಲ್ಲಿ ಹೇಳುವುದು, ಉತ್ತರ ಬೋರ್ಡಿನ ಮೇಲೆ ಬರೆಯುವುದು. ಇದಿಷ್ಟಕ್ಕೆ ಬಾಯಿ ಬೇಕಾಗುತ್ತದೆಯೇ ಹೊರತು ಮಾತು ಬೇಕಾಗುವುದಿಲ್ಲ. ನಿವೃತ್ತಿಯ ದಿನ ಶಾಲು ಹೊದಿಸಿ, ಹಾರ ಹಾಕಿ, ನನ್ನನ್ನು ಇಂಗ್ಲಿಷ್ ಭಾಷೆಯ ಆಲದ ಮರ ಎಂದು ಹೊಗಳಿದರು. ಆಲದ ಮರವು ತಲೆ ಬಾಗಿಸಿ ಕನ್ನಡದಲ್ಲಿ ಉತ್ತರ ಕೊಟ್ಟು ರಬಕವಿಯ ತನ್ನ ಮನೆಗೆ ಬಂದು ಬಾಗಿಲು ಹಾಕಿಕೊಂಡಿತು. ಸಿಕ್ಕಿಬೀಳದೆ ಪಾರಾದೆ ಎಂದುಕೊಂಡೆ.

ಪಾರಾಗಿರಲಿಲ್ಲ ಎಂಬುದು ಗೊತ್ತಾಗಿದ್ದು, ಎರಡು ವರ್ಷದ ಹಿಂದೆ ಒಬ್ಬ ನೇಕಾರ ನನ್ನ ಕಟ್ಟೆಯ ಮೇಲೆ ಬಂದು ಕೂತಾಗ. ಅವನು ನನ್ನ ಹಳೆಯ ವಿದ್ಯಾರ್ಥಿ. ಬನಹಟ್ಟಿಯಲ್ಲಿ ನಾಲ್ಕು ಪವರ್‌ಲೂಮ್ ಹಾಕಿಕೊಂಡಿದ್ದಾನೆ. ಅವನ ಮಗಳೂ ನನ್ನ ಕೈಯಲ್ಲೇ ಓದಿದವಳು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ, ಆಮೇಲೆ ಹೇಗೋ ಏಗಿ, ಸರಕಾರಿ ಮೆಡಿಕಲ್ ಸೀಟು ಹೊಡೆದಿದ್ದಳು. ಆಗ ಸರ್ಕಲ್ಲಿನಲ್ಲಿ ಆಕೆಯ ಫ್ಲೆಕ್ಸ್ ಕಟ್ಟಿದ್ದರು. ಅದರ ಮೂಲೆಯಲ್ಲಿ ದುಂಡಗೆ ಕತ್ತರಿಸಿದ ನನ್ನ ಫೋಟೋ ಕೂಡ ಇತ್ತು. ನಾಚಿಕೆಯಿಲ್ಲದೆ ಹೇಳುತ್ತೇನೆ, ನಾನು ಆ ಸರ್ಕಲ್ಲಿಗೆ ಬೇಕೆಂದೇ ನಾಲ್ಕೈದು ಸಲ ಹೋಗಿಬಂದಿದ್ದೆ.

"ಸರ, ಹುಡುಗಿ ಬರಿಯೂದ್ರಾಗ ಪಾಸ್ ಆಗ್ಯಾಳ್ರಿ. ಬಾಯಿ ಪರೀಕ್ಷಾದಾಗ ನಪಾಸ್ ಮಾಡ್ಯಾರ," ಅಂದ.

"ಬಾಯಿ ಪರೀಕ್ಷಾ ಅಂದ್ರ?"

"ಎದುರಿಗೆ ಕುಂದ್ರಿಸಿಕೊಂಡು ಇಂಗ್ಲಿಷಿನ್ಯಾಗ ಕೇಳ್ತಾರಂತ್ರಿ, ಇಂಗ್ಲಿಷಿನ್ಯಾಗ ಹೇಳಬೇಕಂತ. ಇನ್ನೊಮ್ಮಿ ಐದಾರು ವಾರಕ್ಕ ಐತಿ. ಅದೂ ಹೋತಂದ್ರ ಸಣ್ಣ ಹುಡುಗರ ಜೋಡಿ ಮತ್ತ ಕುಂದರಬೇಕು. ಹಂಗಾದ್ರ ನಾ ಹೊಳ್ಳಿ ಹೋಗಂಗೇ ಇಲ್ಲ, ಮನ್ಯಾಗ ಕಂಡಿಕಿ ಸುತ್ತಿಕೋತ ಇರ್ತೇನಿ ಅಂತಾಳ್ರಿ. ಆಕಿ ಅಂದಂಗ ಮಾಡಾಕಿ."

ಕಂಡಿಕಿ ಅಂದರೆ ಲಾಳಿಯ ಹೊಟ್ಟೆಯಲ್ಲಿ ಕೂರಿಸುವ ನೂಲಿನ ಸುರುಳಿ. ಅದನ್ನು ಸುತ್ತುವುದು ಆ ಮನೆಯ ಹೆಂಗಸರಿಗೆ ತಲೆತಲಾಂತರದಿಂದ ಬಂದ ಕೆಲಸ. ಆಕೆಯ ಕೈಗೆ ಅದು ತಪ್ಪಲಿ ಎಂದೇ ಅವನು ಓದಿಸಿದ್ದು.

"ಅದಕ್ಕ ನಾ ಏನ್ ಮಾಡ್ಲೆಪಾ?"

"ಆಕಿ ಇಂಗ್ಲಿಷ್ ನಿಮ್ದ ಐತಲ್ರಿ ಸರ," ಅಂದ.

ಅವನು ಗೌರವದಿಂದಲೇ ಹೇಳಿದ್ದು. ಆರೋಪಪಟ್ಟಿಯನ್ನು ಇಷ್ಟು ಗೌರವದಿಂದ ಯಾವ ಕೋರ್ಟಿನಲ್ಲೂ ಓದಿರಲಿಕ್ಕಿಲ್ಲ. ಫ್ಲೆಕ್ಸಿನಲ್ಲಿ ಪಾಲು ತೆಗೆದುಕೊಂಡವನು ಇದರಲ್ಲಿ ಪಾಲು ಬೇಡ ಎಂದು ಹೇಗೆ ಹೇಳಲಿ?

ಮರುದಿನ ಮಧ್ಯಾಹ್ನ ಅವರ ಮನೆಗೆ ಹೋದೆ. ಮುಂದೆ ಒಂದು ಪಡಸಾಲೆ, ಅಡಿಗೆಮನೆ. ಹಿಂದೆ ತಗಡಿನ ಶೆಡ್ಡು. ಶೆಡ್ಡಿನಲ್ಲಿ ನಾಲ್ಕು ಮಗ್ಗ ಖಟಖಟ ಖಟಖಟ ಎಂದು ಹಲ್ಲು ಕಡಿಯುತ್ತಿದ್ದವು. ಹುಡುಗಿ ಅಲ್ಲೇ, ಮಗ್ಗಗಳ ನಡುವಿನ ಸಂದಿಯಲ್ಲಿ ಚಾಪೆ ಹಾಸಿಕೊಂಡು ಕೂತಿದ್ದಳು. ಪಕ್ಕದಲ್ಲಿ ಒಂದು ಕೈಚೀಲ. ಅದರಲ್ಲಿ ಮನುಷ್ಯರ ಎಲುಬು. ಓದಲಿಕ್ಕೆಂದು ಸೀನಿಯರ್‌ಗಳಿಂದ ಕೇಳಿ ತಂದದ್ದಂತೆ. ಆಕೆಯ ಆಯಿ, ಎಂಬತ್ತು ದಾಟಿದ ಅಜ್ಜಿ, ಆ ಚೀಲವನ್ನು ಪಡಸಾಲೆಯೊಳಗೆ ಬಿಟ್ಟುಕೊಂಡಿರಲಿಲ್ಲ.

"ಯಾರ್ ಮನಿ ಮನಶ್ಯಾನೋ ಏನೋ ಮಾಸ್ತರ," ಅಂತ ನನ್ನ ಕಿವಿಯಲ್ಲಿ ಒದರಿದಳು. "ದಿನಾ ಅವಂಗೊಂದು ಊದಿನಕಡ್ಡಿ ಹಚ್ಚತೇನಿ. ಸಿಟ್ಟಿಗೆದ್ದಾನು!"

ಹುಡುಗಿ ತನಗಾದದ್ದನ್ನು ಹೇಳಿದಳು. ಕನ್ನಡದಲ್ಲಿ ಆಕೆಯ ದನಿ ಮೂರು ಓಣಿಗೆ ಕೇಳುವಂಥದ್ದು. ನಾಲ್ಕು ಮಗ್ಗವನ್ನು ಮೀರಿಸಿ ನನ್ನ ಮುದಿ ಕಿವಿಗೆ ತಲುಪಿತು.

"ನನಗ ಎಲ್ಲಾ ಗೊತ್ತಿತ್ರಿ ಸರ. ಎಲುಬು ಕೈಯಾಗ ಕೊಟ್ರು. ಬಲಗಡೀದೋ ಎಡಗಡೀದೋ, ಯಾವ ಸ್ನಾಯು ಎಲ್ಲಿ ಕೂಡತೈತಿ, ಎಲ್ಲಾ ಹೇಳಿದೆ. 'ಸ್ಪೀಕ್ ಅಪ್' ಅಂದ್ರು. ಮತ್ತ ಹೇಳಿದೆ. ಮತ್ತ ಅದನ್ನ ಅಂದ್ರು. ಮೂರನೇ ಸಲ ಎಲುಬು ಕಸಗೊಂಡು 'ನೆಕ್ಸ್ಟ್' ಅಂತ ಒದರಿದ್ರು. ಈಗೂ ಕನಸಿನ್ಯಾಗ ಆ ಎಲುಬು ಕಸಗೋತಾರ."

ನಾನು ಗಂಭೀರವಾಗಿ ಕಣ್ಣು ಮುಚ್ಚಿ, ರೋಗವನ್ನು ನಿರ್ಣಯಿಸಿದೆ. ವ್ಯಾಕರಣ. ನನಗೆ ಗೊತ್ತಿದ್ದ ಔಷಧಿ ಅದೊಂದೇ ಆದ್ದರಿಂದ ರೋಗವೂ ಅದೇ ಆಗಬೇಕಿತ್ತು. ಎರಡು ವಾರ ಆಕೆಗೆ ಭೂತ, ವರ್ತಮಾನ, ಭವಿಷ್ಯತ್ ಕಾಲಗಳನ್ನು ಅರೆದು ಕುಡಿಸಿದೆ. ಬರೆಸಿದರೆ ಒಂದು ತಪ್ಪಿಲ್ಲ. ಪ್ರಶ್ನೆಗಳ ಪಟ್ಟಿಯೊಂದನ್ನು ಆಕೆಯೇ ಮಾಡಿಕೊಟ್ಟಿದ್ದಳು. ನಾನು ಅದರಲ್ಲಿ ಬೆರಳಿಟ್ಟು ತೋರಿಸುವುದು, ಆಕೆ ಉತ್ತರ ಹೇಳುವುದು. ಬೆರಳಿಡುತ್ತಿದ್ದೆನೇ ಹೊರತು ಓದುತ್ತಿರಲಿಲ್ಲ. ಕೊರಳಿನ ಒಂದು ಸ್ನಾಯುವಿಗೆ ಇಂಗ್ಲಿಷಿನಲ್ಲಿ ಗೂಡ್ಸ್ ಗಾಡಿಯಷ್ಟು ಉದ್ದದ ಹೆಸರಿತ್ತು. ಅದರ ಮೊದಲ ಡಬ್ಬಿ ದಾಟುವುದರೊಳಗೆ ನನ್ನ ನಾಲಿಗೆ ಹಳಿ ತಪ್ಪುತ್ತಿತ್ತು. ಆಕೆಯ ತುಟಿಗಳು ಸರಸರ ಆಡುತ್ತಿದ್ದವು. ನನಗೆ ಏನೂ ಕೇಳಿಸುತ್ತಿರಲಿಲ್ಲ. ಮಗ್ಗದ ಗದ್ದಲ, ನನ್ನ ವಯಸ್ಸು ಎಂದುಕೊಂಡು ತಲೆಯಾಡಿಸಿ 'ಗುಡ್' ಎನ್ನುತ್ತಿದ್ದೆ. ಕೇಳದ ಉತ್ತರಕ್ಕೆ 'ಗುಡ್' ಎನ್ನುವುದು ನಮ್ಮ ವೃತ್ತಿಯಲ್ಲಿ ಹೊಸದೇನಲ್ಲ.

ಮೂರನೆಯ ವಾರದ ಒಂದು ಮಧ್ಯಾಹ್ನ ಕರೆಂಟು ಹೋಯಿತು.

ನಾಲ್ಕೂ ಮಗ್ಗ ಒಮ್ಮೆಗೇ ನಿಂತವು. ಶೆಡ್ಡಿನಲ್ಲಿ ತಗಡು ಕಾಯುವ ಚಿಟಚಿಟ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಹುಡುಗಿ ಕಣ್ಣು ಮುಚ್ಚಿಕೊಂಡು ಉತ್ತರ ಹೇಳುತ್ತಲೇ ಇದ್ದಳು. ತುಟಿ ಆಡುತ್ತಿದ್ದವು, ಹುಬ್ಬು ಏಳುತ್ತಿತ್ತು, ಬೆರಳು ಎಲುಬಿನ ಮೇಲೆ ಓಡುತ್ತಿತ್ತು. ದನಿ ಇರಲಿಲ್ಲ. ಪಿಸುಮಾತೂ ಅಲ್ಲ, ಉಸಿರೂ ಅಲ್ಲ. ಖಾಲಿ. ಆಕೆ ಕಣ್ಣು ತೆರೆದು ನನ್ನ ಮುಖ ನೋಡಿದಳು. ಏನಾಗಿದೆ ಎಂದು ಆಕೆಗೆ ಗೊತ್ತಾಯಿತು. ಎಲುಬು ಕೆಳಗಿಟ್ಟು ಬಾಯಿಗೆ ಕೈ ಅಡ್ಡ ಹಿಡಿದಳು.

ಮಗ್ಗದ ಮನೆಯವರಿಗೆ ಒಂದು ಪದ್ಧತಿಯಿದೆ. ಗದ್ದಲದಲ್ಲಿ ಒದರಿ ಒದರಿ ಸಾಕಾಗಿ, ಶೆಡ್ಡಿನೊಳಗೆ ತುಟಿಯಲ್ಲೇ ಮಾತಾಡುತ್ತಾರೆ. ಈ ತುದಿಯಿಂದ ಅವ್ವ ತುಟಿ ಆಡಿಸಿದರೆ ಆ ತುದಿಯಿಂದ ಮಗಳು ಓದುತ್ತಾಳೆ: ನೂಲು ಹರೀತು, ಚಹಾ ಆತು, ಮಾವ ಬಂದ. ಈ ಹುಡುಗಿ ಎಂಟನೆಯ ತರಗತಿಯಿಂದ ಇಂಗ್ಲಿಷ್ ಪಾಠವನ್ನು ಇಲ್ಲೇ ಕೂತು, ಹೀಗೇ ಬಾಯಿಪಾಠ ಮಾಡಿದ್ದಳು. ಆಕೆಯ ಇಂಗ್ಲಿಷನ್ನು ಇಂದಿನವರೆಗೆ ಯಾರೂ ಕೇಳಿರಲಿಲ್ಲ. ಆಕೆ ಸಹ.

"ಕನ್ನಡ ಪಾಠ ಪಡಸಾಲ್ಯಾಗ ಜೋರಾಗೇ ಓದತಿದ್ದೆಲ್ಲ," ಅಂದೆ. "ಇದನ್ನಷ್ಟ ಯಾಕ ಇಲ್ಲಿ ಓದಿದಿವಾ?"

"ತಪ್ಪಾದ್ರ ಯಾರಿಗೂ ಕೇಳಬಾರ್ದಂತ್ರಿ ಸರ."

"ಯಾರರೇ ಕೇಳಿದ್ರ ಏನಾಗ್ತಿತ್ತ?"

ಕೇಳಿದ ಮೇಲೆ ಉತ್ತರ ನನಗೇ ಹೊಳೆಯಿತು. ನನ್ನ ತರಗತಿಯಲ್ಲಿ ಒಂದು ಪದ್ಧತಿಯಿತ್ತು. ಯಾರಾದರೂ ಇಂಗ್ಲಿಷ್ ಶಬ್ದವನ್ನು ತಪ್ಪು ಹೇಳಿದರೆ ಅವರನ್ನು ನಿಲ್ಲಿಸಿ, ಅದನ್ನೇ ಇನ್ನೆರಡು ಸಲ ಹೇಳಿಸಿ, ಇಡೀ ವರ್ಗವನ್ನು ನಗಿಸುತ್ತಿದ್ದೆ. ಜನಪ್ರಿಯ ಮಾಸ್ತರ ಎಂದು ಹೆಸರಾಗಿದ್ದೇ ಅದರಿಂದ. ಯಾಕೆ ನಗಿಸುತ್ತಿದ್ದೆ ಎಂಬುದು ನನಗೆ ಮಾತ್ರ ಗೊತ್ತಿತ್ತು. ನಗುವ ವರ್ಗ ಮಾಸ್ತರನಿಗೆ ಪ್ರಶ್ನೆ ಕೇಳುವುದಿಲ್ಲ.

ಆಕೆ ಅದೇ ಹೊತ್ತಿಗೆ ಕೇಳಿದಳು. "ಸರ, ನೀವು ಮೊದಲನೇ ಸಲ ಮಂದ್ಯಾಗ ಇಂಗ್ಲಿಷ್ ಮಾತಾಡೂವಾಗ ನಿಮಗ ಅಂಜಿಕಿ ಬರಲಿಲ್ರೇನ್ರಿ? ಯಾರ ಜೋಡಿ ಮಾತಾಡಿದ್ರಿ?"

ಸುಳ್ಳು ಹೇಳಬಹುದಿತ್ತು. ಕರೆಂಟು ಇದ್ದಿದ್ದರೆ ಬಹುಶಃ ಹೇಳುತ್ತಿದ್ದೆ. ಆ ಮೌನದಲ್ಲಿ ಬಾಯಿಗೆ ಸುಳ್ಳು ಬರಲಿಲ್ಲ.

"ಯಾರ ಜೋಡೀನೂ ಇಲ್ಲವಾ," ಅಂದೆ. "ಆ ಮೊದಲನೇ ಸಲ ನನಗ ಇನ್ನೂ ಬಂದಿಲ್ಲ."

ಆಕೆ ನಗಲಿಲ್ಲ. ನಗಬೇಕಾಗಿತ್ತು, ನನಗೆ ಹಗುರವಾಗುತ್ತಿತ್ತು. ನನ್ನನ್ನು ಹೆದರಿ ನೋಡಿದಳು. ಹೊಳೆ ದಾಟಿಸುತ್ತೇನೆಂದು ಹುಟ್ಟು ಹಿಡಿದವನಿಗೇ ಈಜು ಬಾರದೆಂದು ನಡುನೀರಿನಲ್ಲಿ ತಿಳಿದವಳ ನೋಟ ಅದು.

ಉಪಾಯ ಹೇಳಿದ್ದು ನಾನಲ್ಲ, ಹುಡುಗಿಯ ತಾಯಿ. ನಮ್ಮ ಮನೆಯ ಪಡಸಾಲೆಗೆ ಕರೆದೊಯ್ದು ಎರಡು ದಿನ ನೋಡಿದ್ದೆ. ಅಲ್ಲಿಯ ಶಾಂತಿಯಲ್ಲಿ ಹುಡುಗಿಯ ಬಾಯಿ ಹೊಲಿದಂತಾಗಿತ್ತು. "ಒಮ್ಮಿಗೇ ಯಾಕ ಬಿಡಸ್ತೀರಿ ಸರ?" ಅಂದಳು ಆ ತಾಯಿ. "ಗದ್ದಲದಾಗ ಕಲತಾಳ. ದಿನಾ ಒಂದೊಂದ ಮಗ್ಗ ಬಂದ್ ಮಾಡೂಣು. ದನಿ ತಾನ ಹೊರಗ ಬರಬೇಕಾಗ್ತೈತಿ."

ಹಾಗೇ ಮಾಡಿದೆವು. ಮಧ್ಯಾಹ್ನ ಮೂರಕ್ಕೆ ತಂದೆ ಒಂದು ಮಗ್ಗ ನಿಲ್ಲಿಸುವನು. ಮೂರು ಮಗ್ಗದಲ್ಲಿ ಏನೂ ತೊಂದರೆಯಾಗಲಿಲ್ಲ. ಅದೇ ಪ್ರಶ್ನೆ, ಅದೇ ತುಟಿ. ಆದರೆ ಆಕೆ ಈಗ ಬೇಕೆಂದೇ ಒದರುತ್ತಿದ್ದಳು. ಎರಡು ಮಗ್ಗದಲ್ಲಿ ಆಕೆಯ ಇಂಗ್ಲಿಷು ಮೊದಲ ಸಲ ನನ್ನ ಕಿವಿಗೆ ಬಿತ್ತು. ಬಾವಿಯ ತಳದಿಂದ ಯಾರೋ ಕರೆದ ಹಾಗೆ. ಆಕೆಗೂ ಕೇಳಿತು. ತಡೆದು ನಿಂತು, "ಇದು ನಂದ ದನೀರೇನ್ರಿ?" ಅಂದಳು. ಒಂದು ಮಗ್ಗಕ್ಕೆ ಬಂದಾಗ ಎಲ್ಲ ಕೆಟ್ಟಿತು. ಒಂದೇ ಮಗ್ಗದ ಖಟಖಟದಲ್ಲಿ ಮಾತು ಪೂರಾ ಕೇಳುತ್ತದೆ, ತಪ್ಪು ಸಹ ಕೇಳುತ್ತದೆ. ಆಕೆ ತನ್ನ ದನಿಯನ್ನು ತಾನೇ ಕೇಳಿ, ಅರ್ಧಕ್ಕೆ ನಿಂತು, ಬೆವತು, ಎದ್ದು ಹೋಗುತ್ತಿದ್ದಳು. ಒಂದು ದಿನ, ಎರಡು ದಿನ, ಐದು ದಿನ ಅಲ್ಲೇ ನಿಂತಿತು. ಪರೀಕ್ಷೆಗೆ ಎಂಟು ದಿನ ಉಳಿದಿತ್ತು. ಐದನೆಯ ದಿನ ಹೋದಾಗ ಆಕೆ ಚಾಪೆಯ ಮೇಲೆ ಇರಲಿಲ್ಲ. ರಾಟಿಯ ಮುಂದೆ ಕೂತು ಕಂಡಿಕಿ ಸುತ್ತುತ್ತಿದ್ದಳು. ಕೈ ಬಲು ಚುರುಕಾಗಿ ಓಡುತ್ತಿತ್ತು. ಆಕೆಯ ತಂದೆ ಗೋಡೆಯ ಕಡೆ ಮುಖ ಮಾಡಿ ಲಾಳಿ ಒರೆಸುತ್ತಿದ್ದ. ಒರೆಸಿದ್ದನ್ನೇ ಒರೆಸುತ್ತಿದ್ದ.

"ನಾಕೂ ಬಂದ್ ಮಾಡಪಾ," ಅಂದೆ. "ಆದದ್ದಾಗ್ಲಿ."

ಮಾಡಿದ. ಮಗಳನ್ನು ರಾಟಿಯಿಂದ ಎಬ್ಬಿಸಿ, ಕೈಯಲ್ಲಿ ತೊಡೆಯ ಎಲುಬು ಕೊಟ್ಟು ಎದುರಿಗೆ ನಿಲ್ಲಿಸಿದೆ.

ಆದರೆ ನಾನು ನೇಕಾರರ ಓಣಿಯವನಲ್ಲ. ನನಗೆ ತಿಳಿಯದ ಒಂದು ವಿಷಯ ಆ ಓಣಿಯ ಕೂಸಿಗೂ ತಿಳಿದಿತ್ತು. ಕರೆಂಟು ಇದ್ದಾಗ, ಹಾಡಹಗಲು, ಒಂದು ಮನೆಯ ಎಲ್ಲಾ ಮಗ್ಗ ಒಮ್ಮೆಗೇ ನಿಂತರೆ ಅದರ ಅರ್ಥ ಒಂದೇ. ಆ ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆ. ಆಗ ಪಕ್ಕದ ಮನೆಯವರೂ ತಮ್ಮ ಮಗ್ಗ ನಿಲ್ಲಿಸುತ್ತಾರೆ. ಅವರದು ನಿಂತದ್ದು ಕೇಳಿ ಆಚೆಯವರು. ಹುಡುಗಿಯ ತಂದೆತಾಯಿಗೆ ಇದು ಹೊಳೆಯಬೇಕಿತ್ತು. ಅವರ ಚಿತ್ತ ಮಗಳ ಮೇಲಿತ್ತು. ನಾನು ಪಟ್ಟಿಯಲ್ಲಿ ಪ್ರಶ್ನೆ ಹುಡುಕುತ್ತಿದ್ದಂತೆ ಎಡಗಡೆಯ ಮನೆ ನಿಂತಿತು. ಆಮೇಲೆ ಬಲಗಡೆಯದು. ಆಮೇಲೆ ಎದುರಿನದು. ಒಂದೊಂದಾಗಿ ಇಡೀ ಓಣಿ ಬಾಯಿ ಮುಚ್ಚಿಕೊಂಡಿತು. ಅಷ್ಟು ದೊಡ್ಡ ಮೌನವನ್ನು ನಾನು ಬನಹಟ್ಟಿಯಲ್ಲಿ ಎಂದೂ ಕೇಳಿದವನಲ್ಲ. ನನ್ನ ಎದೆಯ ಬಡಿತ ನನಗೇ ಮಗ್ಗದ ಹಾಗೆ ಕೇಳುತ್ತಿತ್ತು.

ಶೆಡ್ಡಿನ ಬಾಗಿಲಲ್ಲಿ ಮಂದಿ ಕೂಡಿದರು. ಗಂಡಸರು ಹೆಗಲ ಮೇಲಿನ ವಸ್ತ್ರ ಸರಿಪಡಿಸಿಕೊಂಡು, ಹೆಂಗಸರು ಸೆರಗು ಹೊದ್ದು. ಒಬ್ಬ ಹೆಂಗಸು ಆಯಿಯ ಕೋಣೆಯ ಕಡೆ ನೋಡಿ, ಅಳಲಿಕ್ಕೆ ತಯಾರಾಗಿ, "ಯಾವಾಗ ಹೋದ್ಳವ್ವಾ ಆಯಿ?" ಅಂದಳು.

ಆಯಿ ಆಕೆಯ ಹಿಂದಿನಿಂದಲೇ ಬಂದಳು. "ನಾ ಎಲ್ಲಿ ಹೋಗಲಿ ಬೇ? ಇಲ್ಲೇ ಅದೇನಿ. ನೀವೆಲ್ಲಾ ಯಾಕ ಬಂದೀರಿ?"

"ಮತ್ತ ಯಾರ್ ಹೋದ್ರ?"

"ಇನ್ನೂ ಯಾರೂ ಹೋಗಿಲ್ಲ. ಮಾಸ್ತರಂದು ಏನೋ ನಡದೈತಿ."

ಆಗ ಅವರೆಲ್ಲ ನನ್ನನ್ನು ನೋಡಿದರು. ಆಮೇಲೆ ಹುಡುಗಿಯನ್ನು. ಆಮೇಲೆ ಆಕೆಯ ಕೈಯಲ್ಲಿದ್ದ ಮನುಷ್ಯನ ಎಲುಬನ್ನು. ಇಪ್ಪತ್ತೈದು ಮೂವತ್ತು ಜನ. ಅವರಲ್ಲಿ ಅರ್ಧ ನನ್ನ ವಿದ್ಯಾರ್ಥಿಗಳು, ನಾನು ನಿಲ್ಲಿಸಿ ನಗಿಸಿದವರು. ಓಡಿಹೋಗಲು ಬಾಗಿಲಿರಲಿಲ್ಲ, ಬಾಗಿಲ ತುಂಬ ಅವರೇ ಇದ್ದರು.

ನಾನು ಎದ್ದು ನಿಂತು ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದೆ. ಈ ಎಲುಬು ಯಾವುದು, ಯಾವ ಕಡೆಯದು, ಹೇಗೆ ಹೇಳುತ್ತೀ? ಅಷ್ಟೇ. ನಡುವೆ ಒಂದು ಶಬ್ದ ಕೈಕೊಟ್ಟಿತು. ಅದನ್ನು ಬಿಟ್ಟು ಇನ್ನೊಂದು ಹಿಡಿದೆ, ಅದೂ ತಪ್ಪಿತು. ತಪ್ಪನ್ನು ಅಲ್ಲೇ ಬಿಟ್ಟು ಮುಂದೆ ಹೋದೆ. ಯಾರೂ ನಗಲಿಲ್ಲ. ಹುಡುಗಿ ನನ್ನ ತಪ್ಪನ್ನು ಕೇಳಿದ್ದಳು. ಆಕೆಯ ಕಣ್ಣಿನಲ್ಲಿ ಅದು ಕಂಡಿತು. ಒಂದು ಕ್ಷಣ ಎಲುಬನ್ನು ಎದೆಗೆ ಒತ್ತಿ ಹಿಡಿದಳು. ಆಮೇಲೆ ಹೇಳತೊಡಗಿದಳು.

ಮೊದಲ ಸಾಲು ಒಡೆದ ದನಿಯಲ್ಲಿ ಬಂತು. ಎರಡನೆಯ ಸಾಲಿಗೆ ಆಕೆ ತನ್ನ ಕನ್ನಡದ ದನಿಯನ್ನು ತಂದಳು, ಮೂರು ಓಣಿಗೆ ಕೇಳುವ ಆ ದನಿಯನ್ನು. ಎಲುಬಿನ ಮೇಲ್ತುದಿಯಿಂದ ಮೊಣಕಾಲಿನ ತುದಿಯವರೆಗೆ ಬೆರಳು ಇಳಿಸುತ್ತ ಹೇಳಿದಳು. ತಪ್ಪಿದಳು, ತಿದ್ದಿಕೊಂಡಳು, ಮತ್ತೆ ತಪ್ಪಿದಳು. ಬಾಗಿಲಲ್ಲಿ ನಿಂತಿದ್ದ ಒಬ್ಬ ಮುದುಕ ಟೊಪ್ಪಿಗೆ ತೆಗೆದು ಕೈ ಮುಗಿದುಕೊಂಡ. ಆ ಎಲುಬಿನವನಿಗೆ ಶಾಂತಿ ಮಾಡಿಸುತ್ತಿದ್ದಾರೆಂದು ತಿಳಿದಿದ್ದನಂತೆ. ಮುಗಿದಾಗ ಅವನೇ ಮೊದಲು ಮಾತಾಡಿದ: "ಛಲೋ ಆತು. ಇನ್ನ ಮಗ್ಗ ಹಚ್ಚೂಣೇನು?"

ಪರೀಕ್ಷೆಯ ದಿನ ನಸುಕಿನ ಬಸ್ಸು ಹಿಡಿದು ಮೂವರೂ ಹೊರಟೆವು. ಕಬ್ಬು ಕಡಿಯುವ ಕಾಲ. ಮುಧೋಳದ ಈಚೆಗೆ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರುಗಳು ಸಾಲುಗಟ್ಟಿ, ಹಾಡು ಹಚ್ಚಿಕೊಂಡು, ಮೆರವಣಿಗೆಯ ಹಾಗೆ ತೆವಳುತ್ತಿದ್ದವು. ನಮ್ಮ ಬಸ್ಸು ಅವುಗಳ ಹಿಂದೆ. ತಂದೆ ಸೀಟಿನ ಕಬ್ಬಿಣವನ್ನು ಹಿಡಿದ ಹಿಡಿತ ಬಿಡಲಿಲ್ಲ. ಹುಡುಗಿ ಕಿಟಕಿಯ ಕಡೆ ತಿರುಗಿ ತುಟಿ ಆಡಿಸುತ್ತಿದ್ದಳು. ಬಸ್ಸಿನ ಗದ್ದಲದಲ್ಲಿ ದನಿ ಇತ್ತೋ ಇಲ್ಲವೋ ನನಗೆ ತಿಳಿಯಲಿಲ್ಲ. ಕೇಳಲು ಧೈರ್ಯವಾಗಲಿಲ್ಲ. ಹಳೆಯ ಚಾಳಿಗೆ ಮರಳಿದ್ದರೆ?

ಕಾಲೇಜಿನಲ್ಲಿ ನಮ್ಮನ್ನು ಪಡಸಾಲೆಯಂಥ ಒಂದು ಉದ್ದ ವರಾಂಡದಲ್ಲಿ ನಿಲ್ಲಿಸಿದರು. ಆಚೆ ಬದಿಯ ಕೋಣೆಗೆ ಗಾಜಿನ ಕಿಟಕಿ, ಮುಚ್ಚಿತ್ತು. ಒಳಗೆ ಮೇಜು, ಮೇಜಿನ ಮೇಲೆ ಎಲುಬು, ನಮಗೆ ಬೆನ್ನು ಮಾಡಿ ಕೂತ ಪರೀಕ್ಷಕರು. ಅವರೆದುರಿಗೆ ನಮ್ಮ ಹುಡುಗಿ. ಆಕೆಯ ತುಟಿ ಆಡತೊಡಗಿದವು.

ನಾನು ಗಾಜಿಗೆ ಕಿವಿಗೊಟ್ಟೆ. ಏನೂ ಇಲ್ಲ. ಆ ಕರೆಂಟು ಹೋದ ಮಧ್ಯಾಹ್ನ ಮತ್ತೆ ಕಣ್ಣ ಮುಂದೆ ಬಂತು. ಅದೇ ತುಟಿ, ಅದೇ ಹುಬ್ಬು.

"ಏನ್ ಹೇಳಾಕತ್ತಾಳೋ? ನಿನಗ ತುಟಿ ಓದಾಕ ಬರ್ತೈತಲ್ಲ," ಅಂದೆ.

"ಇಂಗ್ಲಿಷ್ ನನಗೆಲ್ಲಿ ಬರ್ತೈತ್ರಿ ಸರ, ನೀವ ಕಲಿಸೀರಿ," ಅಂದ ತಂದೆ, ಗಾಜಿನಿಂದ ಕಣ್ಣು ತೆಗೆಯದೆ. ಆಮೇಲೆ, "ಆದ್ರ ಬರೇ ತುಟಿ ಅಲ್ರಿ. ಆಕಿ ಕೊಳ್ಳ ನೋಡ್ರಿ. ನರ ಉಬ್ಬೇತಿ. ದನಿ ಹಚ್ಯಾಳ್ರಿ ಸರ."

ನೋಡಿದೆ. ಕಿವಿಯ ಹಿಂದಿನಿಂದ ಎದೆಯ ನಡುವಿಗೆ ಇಳಿಯುವ ಆ ಸ್ನಾಯು, ಗೂಡ್ಸ್ ಗಾಡಿಯ ಹೆಸರಿನದು, ಹಗ್ಗದ ಹಾಗೆ ಎದ್ದು ನಿಂತಿತ್ತು. ಅಷ್ಟರಲ್ಲಿ ಪರೀಕ್ಷಕರು ಕೈ ಎತ್ತಿದರು. ಹುಡುಗಿ ನಿಂತಳು. ಅವರು ಏನೋ ಹೇಳಿದರು. ಬೆನ್ನು ನಮ್ಮ ಕಡೆ ಇದ್ದುದರಿಂದ ಅವರ ತುಟಿ ಕಾಣಲಿಲ್ಲ. ಮೂರನೆಯ ಸಲ ಎಲುಬು ಕಸಿದುಕೊಂಡ ಆ ಕೈ ಇದೇ ಇರಬಹುದೇ ಎಂದು ನಾನು ತಂದೆಯ ರಟ್ಟೆ ಹಿಡಿದುಕೊಂಡೆ. ಅವನು ನನ್ನ ರಟ್ಟೆ ಹಿಡಿದುಕೊಂಡಿದ್ದ.

ಕೈ ಕೆಳಗಿಳಿಯಿತು. ಎಲುಬು ಆಕೆಯ ಹತ್ತಿರವೇ ಉಳಿಯಿತು. ತುಟಿ ಮತ್ತೆ ಆಡಿದವು.

ಹೊರಗೆ ಬಂದಾಗ ಆಕೆ ಬೆವರಿನಲ್ಲಿ ಪೂರಾ ತೊಯ್ದಿದ್ದಳು. "ಕೈ ಎತ್ತಿ ಏನಂದ್ರವಾ?" ಅಂತ ಇಬ್ಬರೂ ಒಮ್ಮೆಗೇ ಕೇಳಿದೆವು.

"ಕನ್ನಡದಾಗ ಅಂದ್ರರಿ. 'ಇಷ್ಟ ಒದರಬ್ಯಾಡವಾ, ನನ್ನ ಕಿವಿ ಛಲೋ ಅದಾವ' ಅಂತ."

ಹದಿನೈದು ದಿನಕ್ಕೆ ಫಲಿತಾಂಶ ಬಂತು. ಪಾಸು. ರಾಟಿಯ ಮುಂದೆ ಈಗ ಮೊದಲಿನಂತೆ ಆಕೆಯ ಅವ್ವನೇ ಕೂರುತ್ತಾಳೆ.

ಆದರೆ ನನಗೆ ಮರೆಯಲಾಗದ್ದು ಆ ದಿನ ವರಾಂಡದಲ್ಲಿ ಆಮೇಲೆ ನಡೆದದ್ದು. ಹುಡುಗಿ ನೀರು ಕುಡಿದು, ಉಸಿರು ತಿರುಗಿಸಿಕೊಂಡು, ನನ್ನೆದುರಿಗೆ ನೆಟ್ಟಗೆ ನಿಂತಳು. ಸುತ್ತ ಬಿಳಿ ಕೋಟಿನ ಹುಡುಗರು, ಅವರ ತಂದೆತಾಯಿಗಳು, ಇಬ್ಬರು ಪ್ರಾಧ್ಯಾಪಕರು. ಅಷ್ಟೂ ಜನಕ್ಕೆ ಕೇಳುವ ಹಾಗೆ, ಇಂಗ್ಲಿಷಿನಲ್ಲಿ, ನನಗೆ ಕೃತಜ್ಞತೆ ಹೇಳಿದಳು. ನೀವಿಲ್ಲದಿದ್ದರೆ ನನಗೆ ದನಿ ಸಿಗುತ್ತಿರಲಿಲ್ಲ ಎಂಬ ಅರ್ಥದ ಎರಡು ಸಾಲು. ಎಲ್ಲರೂ ತಿರುಗಿ ನೋಡಿದರು. ಆಲದ ಮರ ಉತ್ತರ ಕೊಡಬೇಕಾಗಿತ್ತು. ನಾನು ಗಂಭೀರವಾಗಿ ತಲೆಯೆತ್ತಿ, ಶಾಲು ಸರಿಪಡಿಸಿಕೊಂಡು, ಇಂಗ್ಲಿಷಿನಲ್ಲಿ ಒಂದು ಪೂರ್ಣ ವಾಕ್ಯ ಹೇಳಿದೆ. ಆಕೆ ತಲೆಬಾಗಿ ನಮಸ್ಕಾರ ಮಾಡಿದಳು.

ಮೆಟ್ಟಿಲಿಳಿಯುವಾಗ ಆಕೆಯ ತಂದೆ ನನ್ನ ಹತ್ತಿರ ಸರಿದು, ಮಗಳಿಗೆ ಕೇಳದಂತೆ, ಬಹಳ ಗೌರವದಿಂದ ಹೇಳಿದ:

"ಸರ, ನಿಮ್ಮ ಕೊಳ್ಳಾಗಿನ ನರ ಉಬ್ಬಲಿಲ್ರಿ."